ದ್ವೀಪಕ್ಕೆ ಓಡಿಹೋದ ಭಾಮೈದ

ಫೆಬ್ರವರಿ ೯, ಸೋಮವಾರ

ಹನ್ನೊಂದು ವರ್ಷದಲ್ಲಿ ಮೊದಲ ಸಲ ಧಾರಾವಾಹಿಯ ಒಂದು ಇಡೀ ಸಂಚಿಕೆ ನನ್ನದು. ಇವತ್ತು ಸ್ಟುಡಿಯೋದ ಉದ್ದನೆಯ ಮೇಜಿನ ಸುತ್ತ ಕೂತು ಎಲ್ಲರೂ ಸ್ಕ್ರಿಪ್ಟ್ ಓದಿದೆವು. ಎಣಿಸಿದೆ: ನನಗೆ ನೂರಾ ಹದಿನಾಲ್ಕು ಮಾತು. ಮಾಮೂಲಿ ಸಂಚಿಕೆಯಲ್ಲಿ ಏಳೋ ಎಂಟೋ ಇರುತ್ತವೆ. ನಾನು ಒಗ್ಗರಣೆಯ ಕರಿಬೇವು. ಘಮಕ್ಕೆ ಬೇಕು, ತಿನ್ನುವಾಗ ತಟ್ಟೆಯ ಅಂಚಿಗೆ.

ಕಥೆ ಇಷ್ಟು. ಅಕ್ಕನ ಮನೆಯಲ್ಲಿ ಬಿಟ್ಟಿ ಕೂಳು ತಿಂದುಕೊಂಡಿರುವ ಭಾಮೈದ, ಅಂದರೆ ನಾನು, ಒಂದು ದಿನ ಭಾವನ ಬೈಗುಳಕ್ಕೆ ರೋಸಿಹೋಗಿ, 'ನನ್ನನ್ನು ಹುಡುಕಬೇಡಿ' ಎಂದು ಚೀಟಿ ಬರೆದಿಟ್ಟು, ಕೆಳಗೆ ದ್ವೀಪದ ವಿಳಾಸವನ್ನೂ ಬರೆದು ಓಡಿಹೋಗುತ್ತಾನೆ. ಅಲ್ಲಿ ಜೋಲಿ ಕಟ್ಟಿ ಮಲಗುತ್ತಾನೆ. ಹುಡುಕಿಕೊಂಡು ಬಂದ ಅಕ್ಕ-ಭಾವನಿಗೆ ಮೀನು ಹಿಡಿಯುವುದನ್ನು ಕಲಿಸಲು ಹೋಗಿ ತಾನೇ ನೀರಿಗೆ ಬೀಳುತ್ತಾನೆ. ಕೊನೆಯ ಪುಟ ಮಾತ್ರ ಎರಡಿವೆ. ಒಂದರಲ್ಲಿ ಅವರ ಜೊತೆ ದೋಣಿ ಹತ್ತುತ್ತಾನೆ. ಇನ್ನೊಂದರಲ್ಲಿ ದಡದಲ್ಲೇ ನಿಂತು ಕೈ ಬೀಸುತ್ತಾನೆ.

"ಎರಡು ಯಾಕೆ?" ಎಂದು ಕೇಳಿದೆ.

"ಚಾನೆಲ್‌ನವರು ಇನ್ನೂ ತೀರ್ಮಾನ ಮಾಡಿಲ್ಲ ಸರ್. ಎರಡೂ ತೆಗೆದಿಟ್ಕೊಳ್ಳೋಣ," ಎಂದ ನಿರ್ದೇಶಕ, ನನ್ನ ಮುಖ ನೋಡದೆ.

ಅಕ್ಕನ ಪಾತ್ರದವಳು ಮೇಜಿನ ಆಚೆಯಿಂದ, "ಏನೋ, ನನ್ನ ಬಿಟ್ಟು ಹೋಗಿಬಿಡ್ತೀಯೇನೋ?" ಎಂದಳು. ಎಲ್ಲರೂ ನಕ್ಕರು. ವಯಸ್ಸಿನಲ್ಲಿ ಅವಳು ನನಗಿಂತ ನಾಲ್ಕು ವರ್ಷ ಚಿಕ್ಕವಳು, ನನಗೆ ಐವತ್ತೊಂದು. ಆದರೂ ಕ್ಯಾಮೆರಾ ಇರಲಿ ಬಿಡಲಿ, ನಾನು ಅಕ್ಕಾ ಅನ್ನುವುದು ಅವಳನ್ನೇ. ಇನ್ಯಾರನ್ನು ಅನ್ನಲಿ?

ಫೆಬ್ರವರಿ ೧೨, ಗುರುವಾರ

ದ್ವೀಪ ತಲುಪಿದೆವು. ಮೂವತ್ತು ಮನೆ, ಒಂದು ದೀಪಸ್ತಂಭ, ಮೂರು ಕೋಣೆಯ ಒಂದು ಲಾಡ್ಜು. ದೋಣಿ ವಾರಕ್ಕೆ ಎರಡೇ ಸಲ, ಸೋಮವಾರ ಮತ್ತು ಗುರುವಾರ. ಮೊಬೈಲಿಗೆ ಸಿಗ್ನಲ್ ಇಲ್ಲ. ದೋಣಿಕಟ್ಟೆಯ ಟಿಕೆಟ್ ಕಿಟಕಿಯಲ್ಲಿ ಒಂದು ತಂತಿಯ ಫೋನಿದೆ.

ಲಾಡ್ಜನ್ನು ನಡೆಸುವುದು ಅರವತ್ತು ದಾಟಿದ ಒಬ್ಬ ಹೆಂಗಸು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಟೀವೀಲಿ ಎತ್ತರ ಕಾಣ್ತೀರ," ಎಂದಳು. ತಂಡದ ಹೆಚ್ಚಿನವರು ಲಾಡ್ಜಿನಲ್ಲಿ ಹಿಡಿಸದೆ ಊರ ಶಾಲೆಯಲ್ಲಿ ಮಲಗಿದ್ದಾರೆ. ನನಗೇ ಒಂದು ಕೋಣೆ, ಸಮುದ್ರದ ಕಡೆಗೆ ಕಿಟಕಿ. ಕಥಾನಾಯಕನಲ್ಲವೇ!

ಫೆಬ್ರವರಿ ೧೪, ಶನಿವಾರ

ಇವತ್ತು ನೀರಿಗೆ ಬೀಳುವ ದೃಶ್ಯ. ಏಳು ಸಲ ಬಿದ್ದೆ. ಏಳನೆಯ ಸಲ ಬಿದ್ದಾಗ ಲೈಟಿನವರು, ಮೇಕಪ್ಪಿನವರು, ದಡದಲ್ಲಿ ನಿಂತಿದ್ದ ಊರವರು ಎಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುವವರ ಮುಂದೆ ಎಡವಿ ಬೀಳಬಾರದು ಅನ್ನುತ್ತಾರೆ. ನನ್ನ ಜೀವನ ನಡೆದದ್ದೇ ಹಾಗೆ ಬಿದ್ದು.

ಮೇಲೆ ಬಂದಾಗ ನಡುಗುತ್ತಿದ್ದೆ. ಅಕ್ಕ ಓಡಿಬಂದು ಟವೆಲಿನಿಂದ ನನ್ನ ತಲೆ ಒರೆಸಿದಳು. "ಅಯ್ಯೋ ಪಾಪ, ಹಸುಗೂಸಿನ ಹಾಗೆ ನಡುಗ್ತಾ ಇದ್ದೀಯಲ್ಲೋ," ಎಂದಳು. ಕಣ್ಣು ತುಂಬಿಬಂತು. ಆಮೇಲೆ ತಿಳಿಯಿತು, ತೆರೆಮರೆಯ ವೀಡಿಯೋ ತೆಗೆಯುವವನು ಪಕ್ಕದಲ್ಲೇ ನಿಂತಿದ್ದನಂತೆ. ಇರಲಿ. ಒರೆಸಿದ್ದಂತೂ ನಿಜ.

ಫೆಬ್ರವರಿ ೧೫, ಭಾನುವಾರ

ಬೆಳಿಗ್ಗೆ ಕೈ ಬೀಸುವ ಮುಕ್ತಾಯ ತೆಗೆದರು. ಸಂಜೆ ದೋಣಿ ಹತ್ತುವ ಮುಕ್ತಾಯ ಶುರುಮಾಡಿದರು. ಅಕ್ಕ-ಭಾವನ ಭಾಗ ಮುಗಿಯಿತು, ನನ್ನ ಮುಖದ ಶಾಟುಗಳು ಬಾಕಿ ಇರುವಾಗ ಬೆಳಕು ಹೋಯಿತು. ನಾಳೆ ಎಲ್ಲರಿಗೂ ಬೇರೆ ಬೇರೆ ಕೆಲಸ ಇದೆಯಂತೆ.

ನಿರ್ದೇಶಕ ನನ್ನ ಹೆಗಲ ಮೇಲೆ ಕೈಹಾಕಿ ಪಕ್ಕಕ್ಕೆ ಕರೆದುಕೊಂಡು ಹೋದ. "ಸರ್, ನೀವು ಒಂದು ಹತ್ತು ದಿನ ಇಲ್ಲೇ ಇದ್ದುಬಿಡಿ. ನೀವು ವಾಪಸ್ ಬರಬೇಕು ಅಂತ ಚಾನೆಲ್‌ನವರು ಅಂದ್ರೆ ಕ್ಯಾಮೆರಾದವನನ್ನ ಕಳಿಸ್ತೀನಿ. ಅರ್ಧ ಗಂಟೆ ಕೆಲಸ."

"ಬೇಡ ಅಂದ್ರೆ?"

"ಅಯ್ಯೋ, ಯಾಕ್ ಸರ್ ಕೆಟ್ಟದ್ದು ಯೋಚನೆ ಮಾಡ್ತೀರ. ಗಡ್ಡ ಮಾತ್ರ ಬೋಳಿಸಬೇಡಿ. ಶಾಟ್ ಹೊಂದಬೇಕಲ್ಲ."

ಆಯಿತು ಎಂದೆ. ಊರಲ್ಲಿ ನನಗಾದರೂ ಯಾರು ಕಾದು ಕೂತಿದ್ದಾರೆ? ಟೈಲರ್ ಅಂಗಡಿಯ ಮೇಲಿನ ಒಂದು ಕೋಣೆ. ಮದುವೆ ಆಗಲಿಲ್ಲ, ಆಗಬೇಕೆನ್ನುವ ಹೊತ್ತಿಗೆ ವಯಸ್ಸಾಗಿತ್ತು.

ಫೆಬ್ರವರಿ ೧೬, ಸೋಮವಾರ

ದೋಣಿ ಹೋಯಿತು. ಅಕ್ಕ ಕೈ ಬೀಸಿದಳು. ಆಮೇಲೆ ಫೋನ್ ನೋಡಲು ತಲೆ ತಗ್ಗಿಸಿದಳು. ಸಿಗ್ನಲ್ ಬರುವ ಕಡೆಗೆ ಹೋಗುತ್ತಿದ್ದಾರಲ್ಲ.

ಫೆಬ್ರವರಿ ೧೮, ಬುಧವಾರ

ಯಾರ ಜೊತೆಗೂ ಮಾತಾಡಲಿಲ್ಲ. ಲಾಡ್ಜಿನಮ್ಮ ತಟ್ಟೆ ಇಟ್ಟು ಹೋದಳು. ಜೋಲಿಯನ್ನು ಬಿಚ್ಚಿಕೊಂಡು ಹೋಗಿದ್ದಾರೆ, ಅದು ಬಾಡಿಗೆಯದು.

ಫೆಬ್ರವರಿ ೧೯, ಗುರುವಾರ

ದೋಣಿ ಬಂತು. ಅಕ್ಕಿ ಮೂಟೆ, ಸೀಮೆಎಣ್ಣೆ, ಎರಡು ಕುರಿ. ನನಗೇನೂ ಇರಲಿಲ್ಲ. ಟಿಕೆಟ್ ಕಿಟಕಿಯಿಂದ ಅಕ್ಕನಿಗೆ ಫೋನ್ ಮಾಡಿದೆ. ಎತ್ತಿದ್ದು ಅವಳ ಸಹಾಯಕಿ.

"ಮೇಡಂ ಶೂಟಲ್ಲಿದ್ದಾರೆ. ಯಾರು ಅಂತ ಹೇಳಲಿ?"

"ತಮ್ಮ ಅಂತ ಹೇಳಮ್ಮ."

"ಅವರ ತಮ್ಮ ಇಲ್ಲೇ ಪಕ್ಕದಲ್ಲೇ ಕೂತಿದ್ದಾರಲ್ಲಾ?"

ಅವಳಿಗೆ ಸ್ವಂತ ತಮ್ಮ ಇದ್ದಾನೆಂದು ಹನ್ನೊಂದು ವರ್ಷದಲ್ಲಿ ನನಗೆ ಗೊತ್ತೇ ಇರಲಿಲ್ಲ. ನಾನು ಕೇಳಿರಲೂ ಇಲ್ಲ. "ಧಾರಾವಾಹಿಯ ತಮ್ಮ," ಎಂದೆ. ಟಿಕೆಟ್ಟಿನವನು ಕಿಸಕ್ಕನೆ ನಕ್ಕ. ಒಳ್ಳೆಯ ನಗು ಅದು, ಸಮಯಕ್ಕೆ ಸರಿಯಾಗಿ ಬಂತು. ನನಗೆ ಮಾತ್ರ ಯಾಕೋ ಹಿಡಿಸಲಿಲ್ಲ.

ಫೆಬ್ರವರಿ ೨೧, ಶನಿವಾರ

ಸಂಜೆ ಲಾಡ್ಜಿನ ಪಡಸಾಲೆಯಲ್ಲಿ ಟೀವಿ ಹಾಕಿದ್ದರು. ನಮ್ಮ ಹಳೆಯ ಸಂಚಿಕೆಯೇ ಮರುಪ್ರಸಾರ, ಆ ಪ್ರಸಿದ್ಧ ಚಿಲಕದ ಸಂಚಿಕೆ. ಮಲಗುವ ಮುಂಚೆ ಭಾವ ಬಾಗಿಲ ಬಳಿ ಹೋಗಿ ಚಿಲಕ ಮುಟ್ಟಿ, "ಹಾಕಿದ್ನಾ? ಹಾಕ್ದೆ," ಅನ್ನುತ್ತಾನೆ. ನಾಲ್ಕು ಹೆಜ್ಜೆ ಬಂದು ಮತ್ತೆ ಹೋಗುತ್ತಾನೆ. "ಹಾಕಿದ್ನಾ? ಹಾಕ್ದೆ." ಮೂರನೆಯ ಸಲ ಅವನ ಹಿಂದೆ ನಾನು ನಿಂತು ಅವನಂತೆಯೇ ಕತ್ತು ವಾಲಿಸಿ, ಅವನ ದನಿಯಲ್ಲೇ ಅನ್ನುತ್ತೇನೆ. ಒಂಬತ್ತು ವರ್ಷದಿಂದ ಮಕ್ಕಳು, ಆಟೋದವರು, ಬ್ಯಾಂಕಿನ ಗುಮಾಸ್ತರು ಎಲ್ಲರೂ ನನ್ನನ್ನು ಕಂಡರೆ ಅನ್ನುವ ಮಾತು ಅದೇ.

ಪಡಸಾಲೆಯಲ್ಲಿದ್ದವರು ನಕ್ಕರು. ಲಾಡ್ಜಿನಮ್ಮ ಬೀನ್ಸಿನ ನಾರು ಬಿಡಿಸುತ್ತಾ ಕೂತಿದ್ದಳು, ನಗಲಿಲ್ಲ.

"ಅವನಿಗೆ ಏನಾಗಿತ್ತು?" ಎಂದು ಕೇಳಿದಳು.

"ಯಾರಿಗೆ?"

"ಆ ಭಾವನಿಗೆ. ಯಾಕೆ ಹಾಗೆ ನೋಡ್ತಾನೆ?"

"ಏನೂ ಆಗಿಲ್ಲಮ್ಮ. ತಮಾಷೆಗೆ."

"ಏನೂ ಆಗದೆ ಯಾರೂ ಮೂರು ಮೂರು ಸಲ ಚಿಲಕ ನೋಡಲ್ಲ," ಎಂದು ಮತ್ತೊಂದು ಬೀನ್ಸು ಕೈಗೆತ್ತಿಕೊಂಡಳು.

ಸಂಚಿಕೆ ಮುಗಿಯುವ ಮುಂಚೆಯೇ ಎದ್ದು ಕೋಣೆಗೆ ಹೋದೆ.

ಫೆಬ್ರವರಿ ೨೨, ಭಾನುವಾರ

ಆ ಹೆಂಗಸಿಗೇನು ಗೊತ್ತು ಹಾಸ್ಯ ಅಂದರೆ? ಎಲ್ಲ ಹಾಸ್ಯವೂ ಎಲ್ಲಿಂದಲೋ ಬರಬೇಕು. ಎಲ್ಲ ನಟರೂ ಕಂಡದ್ದನ್ನೇ ಮಾಡುತ್ತಾರೆ. ಆಕಾಶದಿಂದ ಉದುರುತ್ತದೆಯೇ?

ನನಗೆ ಒಡಹುಟ್ಟಿದವಳು ಒಬ್ಬಳಿದ್ದಾಳೆ. ಅವಳ ಗಂಡ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಅವರ ಮನೆಯಲ್ಲಿ ನಾನು ಏಳು ವರ್ಷ ಇದ್ದೆ, ಕೆಲಸ ಇಲ್ಲದೆ, ನಾಟಕ ನಾಟಕ ಅಂದುಕೊಂಡು. ಧಾರಾವಾಹಿಯ ಎರಡನೆಯ ವರ್ಷ ಬರಹಗಾರನಿಗೆ ಸರಕು ಮುಗಿದಿತ್ತು. "ನಿಮ್ಮ ಮನೇಲಿ ಯಾರಾದ್ರೂ ವಿಚಿತ್ರದೋರು ಇದ್ದಾರಾ ಸರ್?" ಎಂದು ಕ್ಯಾಂಟೀನಿನಲ್ಲಿ ಕೇಳಿದ. ಅವಳ ಗಂಡ ಚಿಲಕ ನೋಡುವುದನ್ನು ಎದ್ದು ನಿಂತು ಮಾಡಿ ತೋರಿಸಿದೆ. ಅವನು ನಕ್ಕು ನಕ್ಕು ಟೀ ಚೆಲ್ಲಿಕೊಂಡ. ಅಷ್ಟೇ ನಡೆದದ್ದು.

ಆ ಮನೆಯವರು ಅದನ್ನು ದೊಡ್ಡದು ಮಾಡಿದರು. ಔಷಧಿ ಅಂಗಡಿಗೆ ಬಂದವರೆಲ್ಲ ಅವರನ್ನು ಗುರುತು ಹಿಡಿದು, "ಮುಚ್ಚಳ ಹಾಕಿದ್ನಾ? ಹಾಕ್ದೆ," ಅನ್ನತೊಡಗಿದರಂತೆ. ಕೆಲಸ ಬಿಟ್ಟರಂತೆ. ಒಡಹುಟ್ಟಿದವಳು ನನ್ನ ಕೋಣೆಗೆ ಬಂದು ಬಾಗಿಲಲ್ಲೇ ನಿಂತು, "ನಗು ಬಂತೇನೋ ನಿಂಗೆ?" ಎಂದು ಕೇಳಿದಳು. ಉತ್ತರಕ್ಕೆ ಕಾಯಲಿಲ್ಲ. ಅವತ್ತಿನಿಂದ ಮಾತಿಲ್ಲ.

ನಾನು ಯಾರ ಹೆಸರೂ ಹೇಳಿರಲಿಲ್ಲ. ಇದು ದಾಖಲೆಯಲ್ಲಿರಲಿ.

ಫೆಬ್ರವರಿ ೨೩, ಸೋಮವಾರ

ದೋಣಿ. ಏನೂ ಇಲ್ಲ. ದೀಪಸ್ತಂಭದವರೆಗೆ ನಡೆದು ಬಂದೆ. ಎರಡು ಸಲ.

ಫೆಬ್ರವರಿ ೨೪, ಮಂಗಳವಾರ

ಬೆಳಿಗ್ಗೆ ಲಾಡ್ಜಿನಮ್ಮನ ಮೊಮ್ಮಗಳು ಬಂದಿದ್ದಳು, ಎರಡು ಎರಡೂವರೆ ವರ್ಷದವಳು. ನನ್ನ ಗಡ್ಡ ಎಳೆದಳು. ನಾನು ಎದ್ದು ಒಳಗೆ ಹೋದೆ. ಲಾಡ್ಜಿನಮ್ಮ ಏನೆಂದುಕೊಂಡಳೋ.

ಮೊನ್ನೆ ಬರೆದದ್ದನ್ನು ಓದಿ ನೋಡಿದೆ. ಬರೆದದ್ದೆಲ್ಲ ನಿಜ. ಆದರೆ ಬರೆಯದೆ ಬಿಟ್ಟದ್ದೇ ಹೆಚ್ಚು. ಈ ಪುಸ್ತಕವನ್ನು ನಾನಲ್ಲದೆ ಇನ್ಯಾರು ಓದಬೇಕು? ನನ್ನ ಮುಂದೆ ನಾನೇ ವೇಷ ಹಾಕಿ ಕೂತರೆ ಹೇಗೆ?

ನನ್ನ ಒಡಹುಟ್ಟಿದ ಅಕ್ಕನಿಗೆ ಒಬ್ಬಳು ಮಗಳಿದ್ದಳು. ಪುಟ್ಟಿ ಅನ್ನುತ್ತಿದ್ದೆವು. ಇಪ್ಪತ್ತೊಂಬತ್ತು ವರ್ಷದ ಹಿಂದಿನ ಮಾತು. ಮನೆಯ ಮುಂದೆ ಸಣ್ಣ ಅಂಗಳ, ಅಂಗಳಕ್ಕೆ ಕಬ್ಬಿಣದ ಗೇಟು, ಗೇಟಿನಾಚೆ ರಸ್ತೆ. ಗೇಟಿನ ಚಿಲಕ ಮೇಲಿತ್ತು, ಮಗುವಿಗೆ ಎಟುಕುತ್ತಿರಲಿಲ್ಲ. ಅದಕ್ಕೇ ಅವಳನ್ನು ಧೈರ್ಯವಾಗಿ ಅಂಗಳದಲ್ಲಿ ಆಡಲು ಬಿಡುತ್ತಿದ್ದರು. ಆ ಭಾನುವಾರ ಬೆಳಿಗ್ಗೆ ಭಾವ ಹಾಲು ತಂದು, ಗೇಟಿನ ಚಿಲಕ ಹಾಕಿ, ಹಿಂದಿನ ಕೋಣೆಯಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದರು. ಅಕ್ಕ ಸ್ನಾನಕ್ಕೆ ಹೋಗಿದ್ದಳು. ಹನ್ನೊಂದರ ಹೊತ್ತಿಗೆ ಮಗು ರಸ್ತೆಯಲ್ಲಿತ್ತು. ನೀರಿನ ಲಾರಿ ಹಿಂದಕ್ಕೆ ಬರುತ್ತಿತ್ತು. ಚಾಲಕನದು ತಪ್ಪಿರಲಿಲ್ಲ, ಅವನಿಗೆ ಕಾಣುವಷ್ಟು ಎತ್ತರ ಇರಲಿಲ್ಲ ಅವಳು.

ಗೇಟು ಅರ್ಧ ತೆರೆದಿತ್ತು. ಭಾವ ಎಲ್ಲರಿಗೂ ಹೇಳಿದರು: "ನಾನೇ. ಹಾಲು ತಂದಾಗ ಹಾಕಿದ ನೆನಪು. ಹಾಕಿರಲಿಲ್ಲ ಅಂತ ಕಾಣತ್ತೆ." ಅವತ್ತಿನಿಂದ ಅವರು ಯಾವ ಚಿಲಕವನ್ನೂ ಒಂದೇ ಸಲ ನಂಬಲಿಲ್ಲ.

ಭಾವ ಚಿಲಕ ಹಾಕಿದ್ದರು.

ನಾನು ಬೆಳಿಗ್ಗೆಯೇ ನಾಟಕದ ತಾಲೀಮಿಗೆ ಹೋಗಿದ್ದೆ. ಹತ್ತೂವರೆಗೆ ವಾಪಸ್ ಬಂದೆ, ಮಾತು ಬರೆದ ಹಾಳೆ ಮರೆತಿದ್ದೆ. ಗೇಟು ತೆಗೆದೆ, ಪಡಸಾಲೆಯ ಕಿಟಕಿಯ ಮೇಲಿದ್ದ ಹಾಳೆ ತೆಗೆದುಕೊಂಡೆ, ಓಡಿದೆ. ಎರಡು ನಿಮಿಷ. ಯಾರೂ ನನ್ನನ್ನು ನೋಡಲಿಲ್ಲ, ಪುಟ್ಟಿಯೊಬ್ಬಳನ್ನು ಬಿಟ್ಟು. ಗೇಟನ್ನು ಎಳೆದುಕೊಂಡೆ, ಚಿಲಕ ಹಾಕಲಿಲ್ಲ. ಹಿಂದಿನಿಂದ "ಮಾಮಾ" ಎಂದು ಕೂಗಿದ್ದು ಕೇಳಿಸಿತು. ತಿರುಗಲಿಲ್ಲ. ತಡವಾಗಿತ್ತು. ಆ ನಾಟಕದಲ್ಲಿ ನನಗಿದ್ದದ್ದು ಮೂರು ಮಾತು.

ಮಧ್ಯಾಹ್ನ ಬಂದಾಗ ಬೀದಿ ತುಂಬ ಜನ. ಭಾವ ಅಷ್ಟು ಹೊತ್ತಿಗೆ ಎಲ್ಲರ ಮುಂದೆ "ನಾನೇ" ಅಂದಾಗಿತ್ತು. ನಾನು ಬಾಯಿ ತೆರೆಯಲಿಲ್ಲ. ನಾಳೆ ಹೇಳೋಣ ಎಂದುಕೊಂಡೆ.

ಆಮೇಲೆ ಆ ಮನುಷ್ಯನನ್ನೇ ಎದ್ದು ನಿಂತು ಮಾಡಿ ತೋರಿಸಿದೆ, ಕ್ಯಾಂಟೀನಿನಲ್ಲಿ.

ಫೆಬ್ರವರಿ ೨೫, ಬುಧವಾರ

ಬರೆಯಲು ಕೂತೆ. ಕೈ ಓಡಲಿಲ್ಲ. ಅಕ್ಕನಿಗೊಂದು ಕಾಗದ ಶುರುಮಾಡಿ ಹರಿದುಹಾಕಿದೆ. ಮೂರು ಸಾಲಿನೊಳಗೇ ಏನೋ ತಮಾಷೆ ಮಾಡಿಬಿಟ್ಟಿದ್ದೆ, ರೂಢಿಬಲ.

ಫೆಬ್ರವರಿ ೨೬, ಗುರುವಾರ

ದೋಣಿಯಲ್ಲಿ ನನಗೊಂದು ಲಕೋಟೆ ಬಂತು. ಜೊತೆಗೆ ಕ್ಯಾಮೆರಾದವನೂ ಬಂದ. ಚಾನೆಲ್‌ನವರು ಒಪ್ಪಿದ್ದಾರೆ, ಭಾಮೈದ ವಾಪಸ್ ಬರುತ್ತಾನೆ. ಹತ್ತು ದಿನ ಕಾದದ್ದು ಇದಕ್ಕೇ ತಾನೆ? ಕ್ಯಾಮೆರಾದವನು, "ಪಾರ್ಟಿ ಯಾವಾಗ ಸರ್?" ಎಂದು ಕೈ ಕುಲುಕಿದ.

ಲಕೋಟೆಯಲ್ಲಿ ಮುಂದಿನ ಸಂಚಿಕೆಯ ಸ್ಕ್ರಿಪ್ಟ್ ಇತ್ತು. ಭಾಮೈದ ಮತ್ತೆ ಮನೆ ಸೇರಬಾರದೆಂದು ಭಾವ ಬಾಗಿಲಿಗೆ ಐದು ಚಿಲಕ ಹಾಕಿಸಿದ್ದಾನೆ. ಒಂದೊಂದನ್ನೂ ಮೂರು ಮೂರು ಸಲ ನೋಡುತ್ತಾನೆ. ಕಿಟಕಿಯಾಚೆ ನಿಂತು ನಾನು ಎಣಿಸುತ್ತೇನೆ. ಅಂಚಿನಲ್ಲಿ ಬರಹಗಾರ ಪೆನ್ಸಿಲಿನಿಂದ ಬರೆದಿದ್ದ: 'ನಿಮ್ಮದೇ ಐಡಿಯಾ ಸರ್, ಇನ್ನೂ ಒಂದು ವರ್ಷ ಓಡತ್ತೆ!'

ದೋಣಿಕಟ್ಟೆಗೆ ಹೋಗಿ ನಿರ್ದೇಶಕನಿಗೆ ಫೋನ್ ಮಾಡಿದೆ.

"ಚಿಲಕದ್ದು ಬೇಡ," ಎಂದೆ.

"ಯಾವ ಚಿಲಕ ಸರ್?"

"ಯಾವುದೂ ಬೇಡ. ಇನ್ಮೇಲೆ ಅದನ್ನ ನಾನು ಮಾಡಲ್ಲ."

"ಸರ್, ಜನ ಕೇಳೋದೇ ಅದು. ಅದಿಲ್ಲದೆ ನೀವು..." ಎಂದು ಅರ್ಧಕ್ಕೆ ನಿಲ್ಲಿಸಿದ. ಒಳ್ಳೆಯವನು, ಪೂರ್ತಿ ಮಾಡಲಿಲ್ಲ.

"ಹಾಗಿದ್ರೆ ದಡದಲ್ಲಿ ನಿಂತು ಕೈ ಬೀಸೋದನ್ನೇ ಹಾಕಿ."

"ಎರಡು ದಿನ ಯೋಚನೆ ಮಾಡಿ ಸರ್. ಒಂಟಿಯಾಗಿದ್ದು ತಲೆ ಕೆಟ್ಟಿದೆ ನಿಮಗೆ."

ಎರಡು ದಿನ ಯೋಚನೆ ಮಾಡಿದರೆ ಮನಸ್ಸು ಬದಲಾಗುತ್ತದೆಂದು ನನಗೂ ಗೊತ್ತು. ನನ್ನನ್ನು ನನಗಿಂತ ಚೆನ್ನಾಗಿ ಬಲ್ಲವರಾರು? ಕೋಣೆಗೆ ಬಂದು ಗಡ್ಡ ಬೋಳಿಸಿಬಿಟ್ಟೆ. ಬ್ಲೇಡು ಹಳೆಯದು, ಗದ್ದದ ಹತ್ತಿರ ಎರಡು ಕಡೆ ಕುಯ್ದುಕೊಂಡಿತು. ಹೊರಗೆ ಬಂದಾಗ ಕ್ಯಾಮೆರಾದವನು ತಲೆಯ ಮೇಲೆ ಕೈ ಹೊತ್ತುಕೊಂಡ. "ಏನ್ ಸರ್ ಇದು! ಈಗ ಶಾಟ್ ಹೊಂದಲ್ವಲ್ಲ!"

ಹೊಂದುವುದಿಲ್ಲ, ಎಂದೆ.

ಮಾರ್ಚ್ ೨, ಸೋಮವಾರ

ದೋಣಿಯಲ್ಲಿ ಕೂತು ಬರೆಯುತ್ತಿದ್ದೇನೆ, ಅಕ್ಷರ ಕುಣಿಯುತ್ತಿವೆ. ಲಾಡ್ಜಿನಮ್ಮ ದೋಣಿಕಟ್ಟೆಯವರೆಗೆ ಬಂದಳು, ಮೊಮ್ಮಗಳನ್ನು ಎತ್ತಿಕೊಂಡು. "ಮತ್ತೆ ಬರ್ತೀರಾ?" ಎಂದು ಕೇಳಿದಳು. ಗೊತ್ತಿಲ್ಲ ಎಂದೆ. "ಬನ್ನಿ. ನೀವು ಅಂಥಾ ತೊಂದರೆ ಕೊಡೋ ಜನ ಅಲ್ಲ," ಎಂದಳು. ಈ ನಡುವೆ ನನಗೆ ಸಿಕ್ಕ ಪ್ರಶಸ್ತಿ ಅದೊಂದೇ.

ಅವಳಿಗೆ ಎಲ್ಲ ಹೇಳಬೇಕೆನ್ನಿಸಿತು. ಮೊದಲು ಹೇಳಬೇಕಾದವರು ಬೇರೆ ಎಂದು ಸುಮ್ಮನಾದೆ.

ಮಾರ್ಚ್ ೪, ಬುಧವಾರ

ಅಕ್ಕನ ಹೊಸ ವಿಳಾಸ ನನ್ನ ಬಳಿ ಎಂಟು ವರ್ಷದಿಂದ ಇತ್ತು. ದೊಡ್ಡಮ್ಮನ ಮಗ ಬರೆದುಕೊಟ್ಟಿದ್ದ. ಎರಡನೆಯ ಮಹಡಿ. ಮೆಟ್ಟಿಲ ಕೆಳಗೆ ಅರ್ಧ ಗಂಟೆ ನಿಂತೆ. ಆಮೇಲೆ ಹತ್ತಿದೆ. ಕರೆಗಂಟೆ ಒತ್ತಿದಾಗ ಒಳಗೆ ಒಂದು, ಎರಡು, ಮೂರು ಚಿಲಕ ತೆಗೆದ ಸದ್ದು.

ಬಾಗಿಲು ತೆರೆದದ್ದು ಭಾವ. ತಲೆ ಪೂರ್ತಿ ಬೆಳ್ಳಗಾಗಿದೆ. ನನ್ನನ್ನು ಗುರುತಿಸಲು ಒಂದು ಗಳಿಗೆ ಬೇಕಾಯಿತು. ಹಿಂದಿನಿಂದ ಅಕ್ಕ, "ಯಾರ್ರೀ ಅದು?" ಎಂದಳು. "ಬಾರಯ್ಯ, ಬಿಸಿಲಲ್ಲಿ ಬಂದಿದ್ದೀಯ," ಎಂದು ಭಾವ ಪಕ್ಕಕ್ಕೆ ಸರಿದರು. ಅಷ್ಟು ಸಲೀಸಾಗಿ ಒಳಗೆ ಬಿಟ್ಟುಕೊಳ್ಳುತ್ತಾರೆಂದು ನಾನು ಎಣಿಸಿರಲಿಲ್ಲ.

ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ದಪ್ಪಗಾಗಿದ್ದಾಳೆ. "ಯಾಕೆ ಬಂದೆ? ಹೊಸ ಸರಕು ಬೇಕಾಯ್ತಾ?" ಎಂದಳು.

"ಇರಲಿ ಬಿಡೇ," ಎಂದರು ಭಾವ. "ನೀರು ಕೊಡು ಅವನಿಗೆ."

"ನೀರು ಬೇಡ ಭಾವ. ಒಂದು ಮಾತು ಹೇಳಬೇಕು. ಹೇಳಿ ಹೋಗ್ತೀನಿ." ನಾನು ಕುಳಿತುಕೊಳ್ಳಲೇ ಇಲ್ಲ. "ಅವತ್ತು ಗೇಟಿನ ಚಿಲಕ ನೀವು ಹಾಕಿದ್ರಿ. ತೆಗೆದೋನು ನಾನು."

"ಯಾವತ್ತು?" ಎಂದರು ಭಾವ. ಆದರೆ ಅವರ ಮುಖ ಆಗಲೇ ಬದಲಾಗಿತ್ತು. "ನೀನು ತಾಲೀಮಿಗೆ ಹೋಗಿದ್ಯಲ್ಲ."

"ನಡುವೆ ಬಂದಿದ್ದೆ. ಹಾಳೆ ಮರೆತಿದ್ದೆ. ನೀವು ಹಿಂದಿನ ಕೋಣೇಲಿದ್ರಿ, ಇಸ್ತ್ರಿ ಮಾಡ್ತಾ. ಹಾಳೆ ತಗೊಂಡು ಓಡ್ದೆ. ಗೇಟು ಎಳ್ಕೊಂಡೆ, ಚಿಲಕ ಹಾಕಲಿಲ್ಲ. ಪುಟ್ಟಿ ನನ್ನ ಹಿಂದೆ ಬಂದ್ಳು. ಕರೆದ್ಳು. ನಾನು ತಿರುಗಲಿಲ್ಲ."

ತಿಳಿದಿತ್ತು ಬಿಡಯ್ಯ, ಎಂದು ಭಾವ ಅನ್ನಬಹುದೆಂದು ದಾರಿಯುದ್ದಕ್ಕೂ ಆಸೆಪಟ್ಟಿದ್ದೆ. ಅವರಿಗೆ ತಿಳಿದಿರಲಿಲ್ಲ. ಏನೂ ತಿಳಿದಿರಲಿಲ್ಲ. ಕುರ್ಚಿಯ ಬೆನ್ನನ್ನು ಹಿಡಿದುಕೊಂಡು ನಿಧಾನಕ್ಕೆ ಕೂತರು.

"ಹಾಗಾದ್ರೆ ನಾನು ಹಾಕಿದ್ದೆ," ಎಂದರು.

"ಹಾಕಿದ್ರಿ ಭಾವ."

"ನಿಜವಾಗ್ಲೂ ಹಾಕಿದ್ದೆನಾ?"

"ಹಾಕಿದ್ರಿ. ನಾನೇ ಕೈಯಾರೆ ತೆಗೆದೆ."

"ನಾನಲ್ಲ," ಎಂದು ಅಕ್ಕನ ಕಡೆ ತಿರುಗಿ ಹೇಳಿದರು, ಚಿಕ್ಕ ಹುಡುಗರು ದೂರು ಹೇಳುವಂತೆ. "ನಾನಲ್ವಂತೆ ಕಣೇ."

ಅಕ್ಕ ಬಂದು ಅವರ ಹೆಗಲು ಹಿಡಿದುಕೊಂಡಳು. ಅವರು ಅವಳ ಸೆರಗಿಗೆ ಮುಖ ಒತ್ತಿ ಅತ್ತರು. ಅರವತ್ತಮೂರು ವರ್ಷದ ಗಂಡಸು. ಅಂಥ ಅಳುವನ್ನು ನಾನು ರಂಗದ ಮೇಲೂ ನೋಡಿಲ್ಲ, ಕೆಳಗೂ ನೋಡಿಲ್ಲ. ಅಕ್ಕ ಅವರ ತಲೆಯ ಮೇಲಿನಿಂದ ನನ್ನನ್ನು ನೋಡಿದಳು.

"ಇಪ್ಪತ್ತೊಂಬತ್ತು ವರ್ಷ ಇವರನ್ನ ಹೀಗೆ ನೋಡ್ಕೊಂಡು ಕೂತಿದ್ಯಾ?" ಎಂದಳು. ದನಿ ಏರಿಸಲಿಲ್ಲ. "ನಮ್ಮ ಮನೆ ಅನ್ನ ತಿನ್ಕೊಂಡು?"

"ಹೌದಕ್ಕ."

"ಹೋಗು. ಈಗ ನನ್ನ ಕಣ್ಣ ಮುಂದೆ ಇರಬೇಡ."

ಬಾಗಿಲು ನಾನೇ ಎಳೆದುಕೊಂಡು ಬಂದೆ. ಬೀದಿಯಲ್ಲಿ ಬಹಳ ಹೊತ್ತು ಎತ್ತ ಹೋಗಬೇಕೆಂದು ತಿಳಿಯಲಿಲ್ಲ. ಹಗುರಾಗುತ್ತದೆ ಅನ್ನುತ್ತಾರೆ, ಆಗಲಿಲ್ಲ.

ಮಾರ್ಚ್ ೭, ಶನಿವಾರ

ಇವತ್ತು ಪ್ರಸಾರವಾಯಿತಂತೆ. ನಾನು ನೋಡಲಿಲ್ಲ. ಕೆಳಗಿನ ಟೈಲರ್ ಮೆಟ್ಟಿಲು ಹತ್ತಿ ಬಂದ. "ದ್ವೀಪದಲ್ಲೇ ಉಳ್ಕೊಂಡುಬಿಟ್ರಲ್ಲ ಸರ್! ನನ್ನ ಹೆಂಡತಿ ಅತ್ಳು," ಎಂದ. ಉಳಿದುಕೊಂಡವನು ಅವನ ಅಂಗಡಿಯ ಮೇಲೆಯೇ ಕೂತಿದ್ದೇನೆ ಎಂಬುದು ಅವನಿಗೆ ವಿಚಿತ್ರ ಅನ್ನಿಸಲಿಲ್ಲ.

ಧಾರಾವಾಹಿಯ ನಟಿ ಹೂವಿನ ಚಿತ್ರವಿರುವ ಒಂದು ಸಂದೇಶ ಕಳಿಸಿದ್ದಾಳೆ: 'ಮಿಸ್ ಯೂ ತಮ್ಮ'. ಒಳ್ಳೆಯ ಹೆಂಗಸು. ಒಳ್ಳೆಯದಾಗಲಿ ಎಂದು ಬರೆದೆ.

ಮಾರ್ಚ್ ೧೧, ಬುಧವಾರ

ಆಕಾಶವಾಣಿಯಲ್ಲಿ ಮಕ್ಕಳ ನಾಟಕಕ್ಕೆ ದನಿ ಬೇಕಂತೆ. ಮುದಿ ಆಮೆಯ ಪಾತ್ರ. ಹೂಂ ಎಂದೆ. ಬೇರೇನೂ ಇಲ್ಲ. ಫೋನು ಸದ್ದಾದಾಗಲೆಲ್ಲ ಎದ್ದು ನೋಡುತ್ತೇನೆ. ವಿದ್ಯುತ್ ಕಚೇರಿಯವರು, ಲಾಟರಿಯವರು.

ಮಾರ್ಚ್ ೧೫, ಭಾನುವಾರ

ಮಧ್ಯಾಹ್ನ ಬಟ್ಟೆ ಒಗೆದು ಹಿಂಡುತ್ತಿದ್ದೆ. ಫೋನ್ ಬಂತು. ಗುರುತಿಲ್ಲದ ನಂಬರು.

"ನಾನು," ಎಂದಳು ಅಕ್ಕ.

ಕೈಯಲ್ಲಿದ್ದ ಅಂಗಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಹೆಗಲ ಮೇಲೆ ಹಾಕಿಕೊಂಡೆ. ನೀರು ಬೆನ್ನಿಗಿಳಿಯಿತು.

"ನಿನ್ನ ಮೇಲಿನ ಸಿಟ್ಟು ಹೋಗಿದೆ ಅಂತ ಅಂದ್ಕೋಬೇಡ. ಹೋಗಿಲ್ಲ. ಹೋಗುತ್ತೋ ಇಲ್ವೋ ಗೊತ್ತಿಲ್ಲ."

"ಹೂಂ."

"ಒಂದು ವಿಷಯ ಕೇಳೋಕೆ ಮಾಡ್ದೆ. ಬೇರೆ ಯಾರನ್ನ ಕೇಳಲಿ? ಪುಟ್ಟಿ ಮಾತಾಡೋದನ್ನ ಕೇಳಿದವರು ಅಂತ ಉಳಿದಿರೋದು ನಾವು ಮೂರೇ ಜನ. ಬೆಳಿಗ್ಗೆ ಇವರು ಕನ್ನಡಕ ಹುಡುಕ್ತಾ ಇದ್ರು. ಇದ್ದಕ್ಕಿದ್ದ ಹಾಗೆ 'ಕಣ್ಣಂಗಿ ಎಲ್ಲೇ?' ಅಂದ್ಬಿಟ್ರು. ಪುಟ್ಟಿ ಕನ್ನಡಕಕ್ಕೆ ಹಾಗೇ ಅಂತಿದ್ದಿದ್ದು. ಇಷ್ಟು ವರ್ಷದಲ್ಲಿ ಇವರು ಅವಳ ಹೆಸರು ಎತ್ತಿದ್ದಿಲ್ಲ. ನಾನು ಎತ್ತಿದ್ರೂ ಎದ್ದು ಹೋಗ್ತಿದ್ರು. ಇವತ್ತು ಬೆಳಗಿನಿಂದ ಒಂದೊಂದೇ ನೆನಪು ಮಾಡ್ಕೊಂಡು ಹೇಳ್ತಾ ಕೂತಿದ್ದಾರೆ, ತಿಂಡಿ ಸಹ ತಿಂದಿಲ್ಲ."

ಹೆಗಲ ಮೇಲಿನ ಅಂಗಿಯನ್ನು ತೆಗೆದು ಬಕೆಟ್ಟಿಗೆ ಹಾಕಿದೆ.

"ಕೇಳ್ತಾ ಇದ್ದೀಯಾ?"

"ಕೇಳ್ತಾ ಇದ್ದೀನಕ್ಕ."

"ಕಾಲುಚೀಲಕ್ಕೆ ಅವಳು ಏನೋ ಅಂತಿದ್ಳು. ಇವರಿಗೂ ನೆನಪಾಗ್ತಾ ಇಲ್ಲ, ನನಗೂ ಇಲ್ಲ. ಒಂದು ಗಂಟೆಯಿಂದ ತಲೆ ಕೆರೆದುಕೊಳ್ತಾ ಇದ್ದೀವಿ. ನಿನಗೆ ನೆನಪಿದ್ಯಾ?"

ನೆನಪಿತ್ತು. ನನ್ನ ಎರಡು ಕಾಲುಚೀಲವನ್ನೂ ತನ್ನ ಕಾಲಿಗೆ ತೊಡೆಯವರೆಗೆ ಏರಿಸಿಕೊಂಡು, ಅಂಗಳದ ತುಂಬ ಜಾರಿ ಬೀಳುತ್ತಾ ಓಡುತ್ತಿದ್ದಳು.

"ಪಾದಟೋಪಿ," ಎಂದೆ.

ಅಕ್ಕ ಫೋನನ್ನು ಬಾಯಿಂದ ದೂರ ಹಿಡಿದು ಒಳಗೆ ಕೂಗಿದಳು. "ರೀ! ಪಾದಟೋಪಿ! ಪಾದಟೋಪಿ ಅಂತಿದ್ಳಂತೆ!"

ಒಳಗಿನ ಕೋಣೆಯಿಂದ ಭಾವ ನಕ್ಕದ್ದು ಫೋನಿನಲ್ಲಿ ನನಗೆ ಕೇಳಿಸಿತು.